ಒಂಬತ್ತು ರೇಕ್‌ಗಳು ಮತ್ತು ಒಂದು ಹಾಡು

(ಸಿನಿಮಾ ಆಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ಒಮ್ಮೆಗೆ ಇಳಿಸಿದ್ದೇನೆ, ಉಳಿದದ್ದು ಅಂದು ಹೇಳಿದಂತೆಯೇ ಇದೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಕ್ಷಮೆ ಕೇಳಿ ಮುಂದುವರಿಯುತ್ತೇನೆ. ಇಲ್ಲಿ ಪರದೆ ಇದೆ, ಪ್ರೊಜೆಕ್ಟರ್ ಇದೆ, ನನ್ನ ಜೇಬಿನಲ್ಲಿ ಪೆನ್‌ಡ್ರೈವ್ ಇದೆ. ಆದರೆ ಈ ಮೂವರ ನಡುವೆ ಇವತ್ತು ಮಾತೂ ಇಲ್ಲ, ಕತೆಯೂ ಇಲ್ಲ. ಅರ್ಧ ಗಂಟೆಯಿಂದ ರಾಜಿ ಪಂಚಾಯಿತಿ ನಡೆಸಿ ಸೋತ ಮೇಲೆ, ನಿಮಗೆ ತೋರಿಸಬೇಕೆಂದು ತಂದಿದ್ದ ಕಾರ್ಟೂನನ್ನು ಬಾಯಲ್ಲೇ ತೋರಿಸುವುದೆಂದು ತೀರ್ಮಾನಿಸಿದ್ದೇನೆ. ಪೇಟೆಗೆ ಹೋಗಿ ಸಿನಿಮಾ ನೋಡಿ ಬಂದವನನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಹಾಡು ಹೊಡೆದಾಟಗಳ ಸಮೇತ ಇಡೀ ಕತೆ ಹೇಳಿಸುತ್ತಿದ್ದ ಕಾಲವನ್ನು ಕಂಡವರು ಇಲ್ಲಿ ಕೆಲವರಾದರೂ ಇದ್ದೀರಿ. ನಿಮಗೆ ಇದು ಹೊಸದೇನಲ್ಲ. ಉಳಿದವರು ಸ್ವಲ್ಪ ಸಹಿಸಿಕೊಳ್ಳಿ.

ಕಾರ್ಟೂನಿನ ಹೆಸರು ‘ದಿ ಸಿಂಪ್ಸನ್ಸ್’. 1989ರ ಡಿಸೆಂಬರ್‌ನಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಶುರುವಾದ ಹಾಸ್ಯ ಧಾರಾವಾಹಿ, ಇನ್ನೂ ಮುಗಿದಿಲ್ಲ. ಸ್ಪ್ರಿಂಗ್‌ಫೀಲ್ಡ್ ಎಂಬ ಊರು. ಅಲ್ಲಿನ ಅಣುಸ್ಥಾವರದಲ್ಲಿ ಕೆಲಸ ಮಾಡುವ, ಅಥವಾ ಕೆಲಸದ ವೇಳೆಯಲ್ಲಿ ಅಲ್ಲಿರುವ, ಹೋಮರ್ ಎಂಬ ಗೃಹಸ್ಥ. ಹೆಂಡತಿ ಮಾರ್ಜ್, ಹತ್ತು ವರ್ಷದ ತುಂಟ ಬಾರ್ಟ್, ಎಂಟರ ಜಾಣೆ ಲೀಸಾ, ಮಾತು ಬಾರದ ಕೂಸು ಮ್ಯಾಗಿ. ಎಲ್ಲರ ಮೈಯೂ ಹಳದಿ, ಎಲ್ಲರ ಕೈಗೂ ಹೆಬ್ಬೆರಳು ಸೇರಿ ನಾಲ್ಕೇ ಬೆರಳು. ಈ ನಾಲ್ಕು ಬೆರಳಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ನಾನು ಮಾತನಾಡಲಿರುವುದು ಒಂದೇ ಕಂತಿನ ಬಗ್ಗೆ. 1993ರ ಅಕ್ಟೋಬರ್ 7ರಂದು ಪ್ರಸಾರವಾದ, ಐದನೇ ಸೀಸನ್ನಿನ ಎರಡನೇ ಕಂತು, ‘ಕೇಪ್ ಫಿಯರ್’. ಬರೆದವರು ಜಾನ್ ವಿಟ್ಟಿ, ನಿರ್ದೇಶನ ರಿಚ್ ಮೂರ್ ಅವರದು. ಇದೇ ಹೆಸರಿನ ಸಿನಿಮಾಕ್ಕಿಂತ ಕಂತಿನ ಹೆಸರಿನಲ್ಲಿ ಇಂಗ್ಲಿಷಿನ ‘ಇ’ ಅಕ್ಷರವೊಂದು ಬಾಲದಲ್ಲಿ ಹೆಚ್ಚಿಗೆ ಇದೆ. ಉಚ್ಚಾರದಲ್ಲಿ ಕೇಳಿಸದ ಆ ಅಕ್ಷರವೇ ಮೊದಲ ಕಣ್ಸನ್ನೆ: ಇದು ಅದಲ್ಲ, ಆದರೆ ಅದೇ.

ಕತೆ ಸರಳ. ಬಾರ್ಟ್‌ಗೆ ರಕ್ತದಲ್ಲಿ ಬರೆದ ಬೆದರಿಕೆ ಪತ್ರಗಳು ಬರುತ್ತವೆ. ಬರೆಯುತ್ತಿರುವವನು ಜೈಲಿನಲ್ಲಿರುವ ಸೈಡ್‌ಶೋ ಬಾಬ್. ಇವನು ಹಿಂದೆ ಟಿವಿಯಲ್ಲಿ ಕ್ರಸ್ಟಿ ಎಂಬ ವಿದೂಷಕನ ಕೈಕೆಳಗೆ ಒದೆ ತಿನ್ನುವ ಪಾತ್ರ ಮಾಡುತ್ತಿದ್ದ. ಓದಿಕೊಂಡವನು, ಒಪೆರಾ ಪ್ರಿಯ, ಈಚಲ ಮರದಂತೆ ಎದ್ದುನಿಂತ ಕೆಂಪು ಕೂದಲಿನವನು, ಭಾರಿ ಪಾದಗಳವನು. ಆ ಪಾದಗಳೇ ಅವನ ಶನಿ. 1990ರ ಕಂತೊಂದರಲ್ಲಿ ಅವನು ಕ್ರಸ್ಟಿಯ ವೇಷ ಹಾಕಿ ದರೋಡೆ ಮಾಡಿ, ಯಜಮಾನನನ್ನು ಜೈಲಿಗೆ ಕಳಿಸುತ್ತಾನೆ. ಬೂಟಿನ ತುದಿಯವರೆಗೂ ಕಾಲು ತುಂಬಿದ್ದವನು ಕ್ರಸ್ಟಿಯಾಗಿರಲಾರ, ಬಾಬ್‌ನೇ ಇರಬೇಕು ಎಂದು ಬಾರ್ಟ್ ಪತ್ತೆ ಹಚ್ಚುತ್ತಾನೆ. ಆ ಸೇಡು ಇನ್ನೂ ಆರಿಲ್ಲ. ಈಗ ಪೆರೋಲ್ ಸಿಕ್ಕಿದೆ. ಸಿಂಪ್ಸನ್ ಕುಟುಂಬ ಸರ್ಕಾರದ ಸಾಕ್ಷಿ ರಕ್ಷಣೆಯ ಯೋಜನೆಯಡಿ ಹೆಸರು ಬದಲಿಸಿಕೊಂಡು, ‘ಟೆರರ್ ಲೇಕ್’ ಎಂಬಲ್ಲಿನ ದೋಣಿಮನೆಗೆ ಓಡಿಹೋಗುತ್ತದೆ. ಅಡಗಿಕೊಳ್ಳಲು ಹೋಗುವ ಊರಿನ ಹೆಸರು ಭಯದ ಕೆರೆ! ಬಾಬ್ ಅವರದೇ ಕಾರಿನ ಅಡಿಗೆ ತನ್ನನ್ನು ಕಟ್ಟಿಕೊಂಡು ಹಿಂದೆಯೇ ಬರುತ್ತಾನೆ.

ಇದು ಯಾವುದರ ಅಣಕ? 1991ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶಿಸಿದ ‘ಕೇಪ್ ಫಿಯರ್’ ಸಿನಿಮಾದ್ದು. ಅದರಲ್ಲಿ ಮ್ಯಾಕ್ಸ್ ಕೇಡಿ ಎಂಬ ಅಪರಾಧಿ ಹದಿನಾಲ್ಕು ವರ್ಷ ಜೈಲಿನಲ್ಲಿದ್ದು ಹೊರಗೆ ಬಂದು, ತನ್ನ ಪರ ಸರಿಯಾಗಿ ವಾದಿಸದ ವಕೀಲನ ಕುಟುಂಬದ ಬೆನ್ನು ಹತ್ತುತ್ತಾನೆ. ಕೇಡಿಯಾಗಿ ರಾಬರ್ಟ್ ಡಿ ನಿರೋ, ವಕೀಲನಾಗಿ ನಿಕ್ ನೋಲ್ಟಿ. (ಖಳನ ಹೆಸರೇ ಕೇಡಿ ಎಂದಾಗ ಸಭೆಯಲ್ಲಿ ನಗು. ಕನ್ನಡಿಗರಿಗೆ ಮಾತ್ರ ಉಚಿತವಾಗಿ ಸಿಕ್ಕ ಹಾಸ್ಯ ಅದು, ಹಾಲಿವುಡ್ಡಿಗೆ ಅದರ ಅರಿವಿಲ್ಲ.) ಈ ಸಿನಿಮಾ ಕೂಡ ಮೂಲವಲ್ಲ. 1962ರಲ್ಲಿ ಜೆ. ಲೀ ಥಾಂಪ್ಸನ್ ಇದೇ ಕತೆಯನ್ನು ಇದೇ ಹೆಸರಿನಲ್ಲಿ ಮಾಡಿದ್ದರು. ಆಗ ಕೇಡಿಯಾಗಿದ್ದವರು ರಾಬರ್ಟ್ ಮಿಚಮ್, ವಕೀಲನಾಗಿದ್ದವರು ಗ್ರೆಗರಿ ಪೆಕ್. ಅದಕ್ಕೂ ಹಿಂದೆ 1957ರ ಒಂದು ಕಾದಂಬರಿ ಇದೆ.

ಸ್ಕಾರ್ಸೆಸಿ ಒಂದು ಕುಚೇಷ್ಟೆ ಮಾಡಿದ್ದಾರೆ. ತಮ್ಮ ಸಿನಿಮಾದಲ್ಲಿ ಪೆಕ್ ಮತ್ತು ಮಿಚಮ್ ಇಬ್ಬರನ್ನೂ ಚಿಕ್ಕ ಪಾತ್ರಗಳಿಗೆ ಕರೆತಂದು, ಪಕ್ಷ ಬದಲಾಯಿಸಿಬಿಟ್ಟಿದ್ದಾರೆ. ಹಳೆಯ ಸಿನಿಮಾದ ಸಜ್ಜನ ಪೆಕ್ ಇಲ್ಲಿ ಖಳನ ಪರ ವಾದಿಸುವ ವಕೀಲ, ಹಳೆಯ ಖಳ ಮಿಚಮ್ ಇಲ್ಲಿ ಪೊಲೀಸ್ ಅಧಿಕಾರಿ. ಅಂದರೆ ಕಾರ್ಟೂನಿನವರು ಗೇಲಿ ಮಾಡಲು ಕೈಗೆತ್ತಿಕೊಂಡದ್ದು, ತನ್ನ ಹಿರಿಯರನ್ನು ತಾನೇ ಕೆಣಕುತ್ತಿದ್ದ ಸಿನಿಮಾವನ್ನು.

ನಾನು ಈ ಕಂತನ್ನು ಮೊದಲು ನೋಡಿದ್ದು ಕೇಬಲ್ ಟಿವಿಯಲ್ಲಿ, ತಡರಾತ್ರಿ, ಸದ್ದು ತಗ್ಗಿಸಿಕೊಂಡು. ಡಿ ನಿರೋನ ಸಿನಿಮಾ ನೋಡಿರಲಿಲ್ಲ, ಮಿಚಮ್‌ನ ಹೆಸರೂ ಗೊತ್ತಿರಲಿಲ್ಲ. ಆದರೂ ಪಕ್ಕದ ಕೋಣೆಯಲ್ಲಿ ಮಲಗಿದ್ದವರು ಎದ್ದು ಬಂದು ಏನಾಯಿತೆಂದು ಕೇಳುವಷ್ಟು ನಕ್ಕಿದ್ದೆ. ಎಷ್ಟೋ ವರ್ಷಗಳ ಮೇಲೆ ಮೂಲ ಸಿನಿಮಾ ನೋಡಿದಾಗ ವಿಚಿತ್ರವೊಂದು ನಡೆಯಿತು. ಡಿ ನಿರೋ ಹೆದರಿಸಲು ಬಂದಾಗಲೆಲ್ಲ ನನಗೆ ನಗು ಬರುತ್ತಿತ್ತು. ಅಣಕವೇ ಮೂಲವಾಗಿ, ಮೂಲವೇ ಅದರ ನಕಲಾಗಿ ಕಂಡಿತ್ತು. ಈ ತಿರುವುಮುರುವು ನನ್ನೊಬ್ಬನ ಅನುಭವವಾಗಿದ್ದರೆ ಇಲ್ಲಿ ಬಂದು ಹೇಳುತ್ತಿರಲಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ: ಒಳ್ಳೆಯ ಅಣಕಕ್ಕೆ ಮೂಲದ ಊರುಗೋಲು ಬೇಡ.

ಚಿತ್ರಮಂದಿರದ ದೃಶ್ಯವನ್ನೇ ತೆಗೆದುಕೊಳ್ಳಿ. ಸ್ಕಾರ್ಸೆಸಿಯ ಸಿನಿಮಾದಲ್ಲಿ ವಕೀಲನ ಕುಟುಂಬ ಒಂದು ಹಾಸ್ಯಚಿತ್ರ ನೋಡುತ್ತಾ ಕುಳಿತಿರುತ್ತದೆ. ಮುಂದಿನ ಸಾಲಿನಲ್ಲಿ ಕೇಡಿ ದಪ್ಪ ಚುಟ್ಟಾ ಸೇದುತ್ತಾ, ಪರದೆಗೆ ಅಡ್ಡವಾಗಿ ಹೊಗೆ ಬಿಡುತ್ತಾ, ಗಹಗಹಿಸಿ ನಗುತ್ತಾನೆ. ಭೀಕರ ಎನ್ನಿಸಬೇಕಾದ ದೃಶ್ಯ. ಕಾರ್ಟೂನಿನಲ್ಲಿ ಬಾಬ್ ಇದನ್ನೇ ಮಾಡುತ್ತಾನೆ, ಅದೇ ಚುಟ್ಟಾ, ಅದೇ ಅಟ್ಟಹಾಸ. ಆಗ ಹೋಮರ್ ಕೂಡ ಚುಟ್ಟಾ ಹಚ್ಚುತ್ತಾನೆ, ಇನ್ನೂ ದೊಡ್ಡದನ್ನು. ಇನ್ನೂ ಜೋರಾಗಿ ನಗುತ್ತಾನೆ. ಕೊನೆಗೆ ಸಹನೆ ಕೆಡುವುದು ಬಾಬ್‌ನಿಗೆ. ಇದು ಅತಿಯಾಯಿತು ಎಂದು ಸಿಡುಕುತ್ತಾನೆ.

ಇಲ್ಲಿ ಆದದ್ದೇನು? ಮೂಲದ ದೃಶ್ಯವನ್ನು ಹಾಗೆಯೇ ತಂದಿಟ್ಟು, ಇದು ಎಲ್ಲಿಂದ ಬಂತು ಹೇಳಿ ಎಂದು ಕೇಳಿದ್ದರೆ ಅದು ರಸಪ್ರಶ್ನೆ. ಇವರು ಅದರೊಳಗೆ ಹೋಮರ್‌ನನ್ನು ಕೂರಿಸಿದರು. ಹೆದರಿಸಲು ಬಂದವನ ಪಕ್ಕದಲ್ಲಿ, ಹೆದರಬೇಕೆಂಬುದೇ ತಿಳಿಯದ ಒಬ್ಬ ಮಹಾನುಭಾವನಿದ್ದರೆ ಹೆದರಿಸುವವನ ಗತಿ ಏನು? ಸಿನಿಮಾ ನೋಡಿದವನು ಮೂಲವನ್ನು ನೆನೆದು ನಗುತ್ತಾನೆ. ನೋಡದವನು, ತನ್ನ ಮುಂದಿನ ಸಾಲಿನಲ್ಲಿ ಎಂದೋ ಕುಳಿತು ಜೀವ ತಿಂದ ಒಬ್ಬನನ್ನು ನೆನೆದು ನಗುತ್ತಾನೆ. ಇಬ್ಬರಿಗೂ ಟಿಕೆಟ್ಟಿನ ಹಣ ವಸೂಲು.

ಇದೇ ಕಂತಿನಲ್ಲಿ ಬರೀ ರಸಪ್ರಶ್ನೆಯಾಗಿ ಉಳಿದ ಜಾಗವೂ ಇದೆ. ಬಾಬ್ ಒಂದೆಡೆ ಕೋಣೆ ಹಿಡಿಯುತ್ತಾನೆ. ಅದು ಹಿಚ್‌ಕಾಕ್‌ನ 1960ರ ‘ಸೈಕೋ’ ಸಿನಿಮಾದ ಬೇಟ್ಸ್ ಮೋಟೆಲ್. ಗೊತ್ತಿದ್ದವನು ತಲೆದೂಗುತ್ತಾನೆ, ಗೊತ್ತಿಲ್ಲದವನಿಗೆ ಅದೊಂದು ಬೋರ್ಡು. ಈಚಿನ ಎಷ್ಟೋ ಕಾರ್ಟೂನುಗಳು ಇಂಥ ಬೋರ್ಡುಗಳಿಂದಲೇ ತುಂಬಿವೆ. ನೋಡುವವನಿಗೆ ‘ನನಗೆ ಇದು ಗೊತ್ತು’ ಎಂಬ ಸಂತೋಷ ಸಿಗುತ್ತದೆ, ಅದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ ಸಂತೋಷ, ಹಾಸ್ಯದ್ದಲ್ಲ. ನಾನು ಆ ಬಗೆಯ ನಗುವಿನ ವಿರೋಧಿಯಲ್ಲ, ನನಗೂ ಬೆನ್ನಿದೆ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಈಗ ಆ ನಾಲ್ಕು ಬೆರಳು. 1955ರಲ್ಲಿ ‘ದಿ ನೈಟ್ ಆಫ್ ದಿ ಹಂಟರ್’ ಎಂಬ ಸಿನಿಮಾ ಬಂತು. ಅದರ ಖಳನಾಯಕ ಕಪಟ ಪಾದ್ರಿ. ಒಂದು ಕೈಯ ಬೆರಳ ಗೆಣ್ಣುಗಳ ಮೇಲೆ ಪ್ರೀತಿ, ಇನ್ನೊಂದು ಕೈಯ ಮೇಲೆ ದ್ವೇಷ ಎಂಬ ಅರ್ಥದ ಇಂಗ್ಲಿಷ್ ಪದಗಳನ್ನು ಹಚ್ಚೆ ಹಾಕಿಸಿಕೊಂಡಿರುತ್ತಾನೆ. ‘ಲವ್’ಗೆ ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರ, ‘ಹೇಟ್’ಗೂ ನಾಲ್ಕು, ಹೆಬ್ಬೆರಳು ಬಿಟ್ಟರೆ ಮನುಷ್ಯನಿಗೆ ನಾಲ್ಕು ಬೆರಳು. ಲೆಕ್ಕ ಸರಿಹೋಯಿತು. ಸೈಡ್‌ಶೋ ಬಾಬ್‌ನೂ ಇದೇ ಹಚ್ಚೆ ಹಾಕಿಸಿಕೊಳ್ಳುತ್ತಾನೆ. ಆದರೆ ಅವನು ಕಾರ್ಟೂನು. ಹೆಬ್ಬೆರಳು ಬಿಟ್ಟರೆ ಮೂರೇ! ಆದ್ದರಿಂದ ಒಂದು ಕೈಯಲ್ಲಿ ಪ್ರೀತಿಯ ಕಾಗುಣಿತವನ್ನು ಮೂರಕ್ಷರಕ್ಕೆ ಇಳಿಸಿ, ಇನ್ನೊಂದರಲ್ಲಿ ಮೂರಕ್ಷರ ಬರೆದು, ನಡುವಿನ ಸ್ವರದ ನೆತ್ತಿಯ ಮೇಲೆ ನಿಘಂಟಿನಲ್ಲಿ ಹಾಕುವಂತೆ ದೀರ್ಘದ ಗೆರೆ ಎಳೆಸಿಕೊಂಡಿದ್ದಾನೆ. ಜೈಲಿನಲ್ಲಿ ಸೂಜಿ ಚುಚ್ಚಿಸಿಕೊಳ್ಳುವಾಗಲೂ ಉಚ್ಚಾರ ದೋಷ ಬರಬಾರದು. ಆ ಒಂದು ಗೆರೆಯಲ್ಲಿ ಇಡೀ ಬಾಬ್ ಇದ್ದಾನೆ. ಆ ಕಪಟ ಪಾದ್ರಿಯ ಪಾತ್ರ ಮಾಡಿದ್ದವರು ಯಾರು? ರಾಬರ್ಟ್ ಮಿಚಮ್, ಅಂದರೆ 1962ರ ಕೇಡಿ. ಕಾರ್ಟೂನು ಒಂದು ಸಿನಿಮಾವನ್ನು ಅಣಕಿಸುತ್ತಾ, ಅದರ ಹಿಂದಿನ ಸಿನಿಮಾದ ನಟನ ಇನ್ನೊಂದು ಸಿನಿಮಾದ ಕೈಗೆ ಹೋಗಿ ಮುಟ್ಟಿದೆ. ಅದೂ ಒಂದೆರಡು ಸೆಕೆಂಡಿನಲ್ಲಿ.

ಹಚ್ಚೆಯ ಮಾತು ಬಂದದ್ದರಿಂದ ಪೆರೋಲ್ ವಿಚಾರಣೆಗೆ ಹೋಗೋಣ. ಬಾಬ್‌ನ ಎದೆಯ ಮೇಲೆ ‘ಡೈ ಬಾರ್ಟ್ ಡೈ’ ಎಂದು ಹಚ್ಚೆ ಇದೆ, ಸಾಯಿ ಬಾರ್ಟ್ ಸಾಯಿ ಎಂದು. ಇದೇನು ಎಂದು ಕೇಳಿದಾಗ ಅವನು, ಅದು ಇಂಗ್ಲಿಷ್ ಅಲ್ಲ, ಜರ್ಮನ್ ಎನ್ನುತ್ತಾನೆ. ಜರ್ಮನ್ ಭಾಷೆಯಲ್ಲಿ ಅದೇ ಮೂರು ಅಕ್ಷರಗಳನ್ನು ‘ಡೀ’ ಎಂದು ಓದಬೇಕು, ಅದೊಂದು ಉಪಪದ, ಇಂಗ್ಲಿಷಿನ ‘ದಿ’ ಇದ್ದಂತೆ. ಜರ್ಮನ್ ಮಾತನಾಡುವವನು ಕೆಟ್ಟವನಾಗಿರಲು ಸಾಧ್ಯವೇ ಇಲ್ಲ ಎಂದು ಮಂಡಳಿಯ ಮಹಿಳೆ ಮೆಚ್ಚಿಕೊಳ್ಳುತ್ತಾರೆ, ಬಾಬ್‌ನಿಗೆ ಬಿಡುಗಡೆ. ಇಪ್ಪತ್ತನೇ ಶತಮಾನದ ಇತಿಹಾಸ ಇಷ್ಟಾದರೂ ಗೊತ್ತಿರುವವರಿಗೆ ಆ ಮೆಚ್ಚುಗೆಯ ಮೊನೆ ಚುಚ್ಚುತ್ತದೆ. ಇನ್ನೊಂದು ಸುಖ ಜರ್ಮನ್ ಬಲ್ಲವರಿಗೆ ಮಾತ್ರ. ಅಲ್ಲಿ ‘ಡೀ’ ಸ್ತ್ರೀಲಿಂಗಕ್ಕೆ ಅಥವಾ ಬಹುವಚನಕ್ಕೆ ಬರುತ್ತದೆ, ಬಾರ್ಟ್ ಎಂದರೆ ಗಡ್ಡ, ಅದು ಪುಲ್ಲಿಂಗ. ಬಾಬ್‌ನ ನೆಪದಲ್ಲಿ ವ್ಯಾಕರಣವೂ ತಪ್ಪು.

ಈ ಹಾಸ್ಯವನ್ನು ಕನ್ನಡಕ್ಕೆ ತರಬಹುದೇ ಎಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ನಮ್ಮ ಲಿಪಿ ದಾರಿ ಬಿಡುವುದಿಲ್ಲ. ರೋಮನ್ ಲಿಪಿಯಲ್ಲಿ ಬರೆದದ್ದು ಒಂದು, ಓದುವುದು ಎರಡು ಬಗೆ. ಕನ್ನಡದಲ್ಲಿ ಡೈ ಎಂದರೆ ಡೈ, ಡೀ ಎಂದರೆ ಡೀ. ಐತ್ವ ಹಾಕಿದ ಮೇಲೆ ನೆಪ ಹೇಳುವಂತಿಲ್ಲ. ಒಂದು ದಿನ ಸಂಜೆ ಸಿಗ್ನಲ್‌ನಲ್ಲಿ ಆಟೋವೊಂದರ ಹಿಂದೆ ನಿಂತಿದ್ದೆ. ಅದರ ಬೆನ್ನ ಮೇಲೆ ಕೆಂಪಕ್ಷರದಲ್ಲಿ ಎರಡೇ ಅಕ್ಷರ: ‘ಸಾಯಿ’. ಹಸಿರು ದೀಪ ಬಂದರೂ ನಾನು ಗಾಡಿ ಮುಂದೆ ತೆಗೆಯಲಿಲ್ಲ, ಹಿಂದಿನವರು ಹಾರ್ನ್ ಹೊಡೆದು ಎಚ್ಚರಿಸಬೇಕಾಯಿತು. ಬಾಬ್ ನಮ್ಮ ಜೈಲಿನಲ್ಲಿದ್ದಿದ್ದರೆ ‘ಸಾಯಿ ಬಾರ್ಟ್ ಸಾಯಿ’ ಎಂದು ಕನ್ನಡದಲ್ಲೇ ಹಚ್ಚೆ ಹಾಕಿಸಿಕೊಂಡು, ಕಣ್ಣು ಮುಚ್ಚಿ ಕೈಮುಗಿದು, ‘ಇದು ನಾಮಸ್ಮರಣೆ, ತಾಯಿ’ ಎನ್ನುತ್ತಿದ್ದ. ಬಾಬಾ ಭಕ್ತರು ಕೆಟ್ಟವರಾಗಿರಲು ಸಾಧ್ಯವೇ ಎಂದು ಮಂಡಳಿ ಕರಗಿಹೋಗುತ್ತಿತ್ತು.

(ಇಲ್ಲಿ ಸಭೆ ಸ್ವಲ್ಪ ಹೊತ್ತು ನನ್ನ ಕೈತಪ್ಪಿತು.)

ಆದರೆ ಗಮನಿಸಿ, ಹಾಸ್ಯ ದಾಟಿಬಂದಿತಾದರೂ ಸುಂಕ ಕೊಟ್ಟು ಬಂದಿತು. ಜರ್ಮನ್ ಮಾತಿನಲ್ಲಿದ್ದ ಯುದ್ಧದ ನೆರಳು ಅಳಿಸಿಹೋಯಿತು, ಅದರ ಬದಲು ಭಕ್ತಿಯ ವೇಷಕ್ಕೆ ಮರುಳಾಗುವ ನಮ್ಮ ಅಭ್ಯಾಸ ಬಂದು ಕುಳಿತಿತು. ಅಣಕ ಊರು ಬದಲಿಸಿದಾಗ ಗುರಿಯನ್ನೂ ಬದಲಿಸುತ್ತದೆ.

ಸಂಗೀತದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. 1962ರ ಸಿನಿಮಾಕ್ಕೆ ಬರ್ನಾರ್ಡ್ ಹರ್ಮನ್ ಸಂಗೀತ ನೀಡಿದ್ದರು, ‘ಸೈಕೋ’ದಲ್ಲಿ ಪಿಟೀಲುಗಳನ್ನು ಕಿರುಚಿಸಿದ ಅದೇ ಹರ್ಮನ್. ಹಿತ್ತಾಳೆ ವಾದ್ಯಗಳಲ್ಲಿ ಮೇಲಿನಿಂದ ಕೆಳಕ್ಕೆ ಭಾರವಾಗಿ ಇಳಿಯುವ ನಾಲ್ಕು ಸ್ವರ. ಹರ್ಮನ್ 1975ರಲ್ಲಿ ತೀರಿಕೊಂಡರು. 1991ರ ಸಿನಿಮಾಕ್ಕೆ ಎಲ್ಮರ್ ಬರ್ನ್‌ಸ್ಟೀನ್ ಅದೇ ಸಂಗೀತವನ್ನು ಹೊಂದಿಸಿಕೊಟ್ಟರು. ಎರಡು ವರ್ಷದ ನಂತರ ಆಲ್ಫ್ ಕ್ಲಾಸೆನ್ ಅದರ ಛಾಯೆಯನ್ನು ಕಾರ್ಟೂನಿಗೆ ತಂದರು. ಮುಂದಿನ ಕಂತುಗಳಲ್ಲಿ ಬಾಬ್ ತಲೆ ಹಾಕಿದಾಗಲೆಲ್ಲ ಆ ಸ್ವರಗಳು ಇಳಿದುಬಂದವು. ಇವತ್ತು ಅದನ್ನು ಕೇಳಿಸಿದರೆ ಒಂದು ತಲೆಮಾರು ಮಿಚಮ್‌ನನ್ನೂ ನೆನೆಯುವುದಿಲ್ಲ, ಡಿ ನಿರೋನನ್ನೂ ನೆನೆಯುವುದಿಲ್ಲ, ಕೆಂಪು ಕೂದಲನ್ನು ನೆನೆಯುತ್ತದೆ. ಒಬ್ಬರ ಮನೆಯ ದೇವರು ಇನ್ನೊಬ್ಬರ ಮನೆಯಲ್ಲಿ ಪೂಜೆಗೊಳ್ಳುತ್ತಿರುವ ಹಾಗೆ.

ಹೋಮರ್‌ಗೆ ಹೊಸ ಹೆಸರು ಕಲಿಸುವ ದೃಶ್ಯ ಯಾವ ಸಿನಿಮಾದ ಅಣಕವೂ ಅಲ್ಲ, ಆದರೆ ಬಿಡಲು ಮನಸ್ಸಾಗದು. ಇಬ್ಬರು ಅಧಿಕಾರಿಗಳು ಅವನಿಗೆ ಹೇಳುತ್ತಾರೆ: ಇನ್ನು ಮೇಲೆ ನೀವು ಹೋಮರ್ ಥಾಂಪ್ಸನ್. ‘ನಮಸ್ಕಾರ ಥಾಂಪ್ಸನ್ ಅವರೇ’ ಎಂದಾಗ ‘ನಮಸ್ಕಾರ’ ಎನ್ನಬೇಕು. ಹೋಮರ್ ಒಪ್ಪುತ್ತಾನೆ. ನಮಸ್ಕಾರ ಥಾಂಪ್ಸನ್ ಅವರೇ. ಹೋಮರ್ ಗೋಡೆ ನೋಡುತ್ತಾನೆ. ಮತ್ತೆ ವಿವರಣೆ, ಮತ್ತೆ ಒಪ್ಪಿಗೆ, ಮತ್ತೆ ಗೋಡೆ. ಹೊತ್ತು ಕಳೆಯುತ್ತದೆ. ಕೊನೆಗೆ, ನಾನು ಹೀಗೆ ಹೇಳಿ ನಿಮ್ಮ ಕಾಲು ತುಳಿದಾಗ ನಕ್ಕು ತಲೆಯಾಡಿಸಿ ಎನ್ನುತ್ತಾರೆ. ನಮಸ್ಕಾರ ಥಾಂಪ್ಸನ್ ಅವರೇ, ಕಾಲು ತುಳಿತ. ಹೋಮರ್ ಪಕ್ಕದ ಅಧಿಕಾರಿಯ ಕಿವಿಯಲ್ಲಿ ಪಿಸುಗುಟ್ಟುತ್ತಾನೆ: ಅವರು ನಿಮ್ಮನ್ನೇ ಮಾತನಾಡಿಸುತ್ತಿರಬೇಕು. 1962ರ ನಿರ್ದೇಶಕರ ಹೆಸರು ಥಾಂಪ್ಸನ್ ಆದ್ದರಿಂದ ಇಲ್ಲೊಂದು ಗುಪ್ತ ಉಲ್ಲೇಖವಿದೆ ಎಂದು ನಿಮ್ಮಲ್ಲಿ ಯಾರಿಗಾದರೂ ಹೊಳೆಯಬಹುದು. ನನಗೂ ಹೊಳೆದಿತ್ತು. ಆಮೇಲೆ ನೆನಪಾಯಿತು, ಅಮೆರಿಕದಲ್ಲಿ ಥಾಂಪ್ಸನ್ ಎಂದರೆ ನಮ್ಮಲ್ಲಿ ಮಂಜುನಾಥ ಇದ್ದ ಹಾಗೆ. ಉಲ್ಲೇಖ ಹುಡುಕುವ ಚಟ ಹತ್ತಿದರೆ ಒಗೆದು ಒಣಹಾಕಿದ ಬಟ್ಟೆಯೂ ಸಂಕೇತವಾಗಿ ಕಾಣುತ್ತದೆ.

ಇನ್ನು ರೇಕ್. ತೋಟದಲ್ಲಿ ತರಗೆಲೆ ಬಾಚುವ, ಉದ್ದ ಹಿಡಿಯ, ತುದಿಯಲ್ಲಿ ಹಲ್ಲಿರುವ ಸಲಕರಣೆ. ಹಲ್ಲು ಮೇಲೆ ಮಾಡಿ ನೆಲದ ಮೇಲೆ ಬಿಟ್ಟು, ಯಾರಾದರೂ ಅದರ ಮೇಲೆ ಕಾಲಿಟ್ಟರೆ ಹಿಡಿ ಚಿಮ್ಮಿ ಬಂದು ಮೂಗಿಗೆ ಬಡಿಯುತ್ತದೆ. ಹಾಸ್ಯಚಿತ್ರಗಳಲ್ಲಿ ಸವೆದುಹೋದ ನಗೆ ಇದು, ಬಾಳೆಹಣ್ಣಿನ ಸಿಪ್ಪೆಯ ದಾಯಾದಿ. ಬಾಬ್ ಇಲ್ಲಿಗೆ ಬರುವ ಹೊತ್ತಿಗೆ ಸಾಕಷ್ಟು ಅನುಭವಿಸಿದ್ದಾನೆ. ಕಾರಿನ ಅಡಿಯಲ್ಲಿ ಅವನು ನೇತಾಡುತ್ತಿರುವಾಗ ಹೋಮರ್, ಆ ಪಾಪಾಸುಕಳ್ಳಿಯ ಮೇಲೆ ಹಾದು ಹೋಗೋಣವೇ ಎಂದು ಮಕ್ಕಳನ್ನು ಕೇಳಿರುತ್ತಾನೆ, ಮಕ್ಕಳು ಬೇಡ ಎನ್ನುತ್ತಾರೆಯೇ? ಊರಿಗೆ ಬಂದರೆ ಅಲ್ಲಿ, ಆನೆಗಳನ್ನು ಕಟ್ಟಿಕೊಂಡು ರೋಮಿನ ಮೇಲೆ ದಂಡೆತ್ತಿ ಹೋದ ಪ್ರಾಚೀನ ಸೇನಾಪತಿ ಹ್ಯಾನಿಬಲ್ ಆಲ್ಪ್ಸ್ ಪರ್ವತ ದಾಟಿದ್ದರ ಸ್ಮರಣಾರ್ಥ ಮೆರವಣಿಗೆ, ಸಹಜವಾಗಿಯೇ ಆನೆಗಳ ಸಮೇತ. ಆ ಮೆರವಣಿಗೆ ಬಾಬ್‌ನ ಮೇಲೆಯೇ ಹಾದುಹೋಗುತ್ತದೆ.

ಮೈಯೆಲ್ಲ ನುಗ್ಗಾಗಿ ಕಾರಿನ ಅಡಿಯಿಂದ ಹೊರಬಂದ ಬಾಬ್ ಒಂದು ಹೆಜ್ಜೆ ಇಡುತ್ತಾನೆ. ರೇಕ್. ಮುಖಕ್ಕೆ ಏಟು. ಅವನು ಕಿರುಚುವುದಿಲ್ಲ. ಗಂಟಲಾಳದಿಂದ ಒಂದು ನಡುಗುವ ಗೊರಗೊರ ಮಾಡುತ್ತಾನೆ, ಸುಸಂಸ್ಕೃತನೊಬ್ಬನಿಗೆ ಸಪ್ಪೆ ಕಾಫಿ ಕೊಟ್ಟರೆ ಬರುವಂಥ ಅಸಹ್ಯದ ದನಿ. ತಿರುಗಿ ಇನ್ನೊಂದು ಹೆಜ್ಜೆ. ಇನ್ನೊಂದು ರೇಕ್. ಅದೇ ಏಟು, ಅದೇ ದನಿ. ಮೂರನೆಯದಕ್ಕೂ ನೀವು ನಗುತ್ತೀರಿ. ನಾಲ್ಕು, ಐದಕ್ಕೆ ಸಾಕು ಎನ್ನಿಸುತ್ತದೆ. ಆರಕ್ಕೆ ಇವರಿಗೆ ಬೇರೆ ಕೆಲಸವಿಲ್ಲವೇ ಎಂದು ಸಿಟ್ಟು ಬರುತ್ತದೆ. ಏಳರಲ್ಲಿ ಆ ಸಿಟ್ಟೇ ಕುಸಿದು ಎಲ್ಲಿಂದಲೋ ಹೊಸ ನಗು ಎದ್ದು ಬರುತ್ತದೆ. ಎಂಟು. ಒಂಬತ್ತು. ಒಟ್ಟು ಒಂಬತ್ತು ಸಲ.

ಇದರ ಹಿಂದೆ ಯಾವ ಮಹಾ ಸಿದ್ಧಾಂತವೂ ಇರಲಿಲ್ಲ. ಕಂತಿನ ಉದ್ದ ಸಾಲದೆ ಬಂತು. ಅಣಕಕ್ಕೆ ಸಿಕ್ಕ ಕತೆಯನ್ನು ಅರ್ಧ ಗಂಟೆಯ ಪ್ರಸಾರಕ್ಕೆ ಎಳೆಯುವುದು ಕಷ್ಟವಾಗಿತ್ತು. ಒಂದೇ ಸಲ ತುಳಿಯಬೇಕಿದ್ದ ರೇಕನ್ನು ಹಿಗ್ಗಿಸಿ ಸಮಯ ತುಂಬಿಸಿದರು. ನೀರು ಬೆರೆಸಿ ಸಾರು ಹೆಚ್ಚಿಸಿದ್ದು, ಅಷ್ಟೇ. ನೋಡಿದರೆ ಆ ನೀರೇ ಇಡೀ ಊಟದಲ್ಲಿ ಜನ ನೆನಪಿಟ್ಟುಕೊಂಡ ಪದಾರ್ಥವಾಯಿತು. 1990ರಲ್ಲಿ ಬಾಬ್‌ನನ್ನು ಹಿಡಿದುಕೊಟ್ಟದ್ದು ಅವನ ಪಾದ ಎಂದೆನಲ್ಲ, ಇಲ್ಲಿಯೂ ಅವನ ಶತ್ರು ಬಾರ್ಟ್ ಅಲ್ಲ, ಪಾದವೇ.

ನನ್ನ ಅಕ್ಕನ ಮಗಳಿಗೆ ಇದನ್ನು ತೋರಿಸಿದಾಗ ಅವಳಿಗೆ ಹನ್ನೊಂದು ವರ್ಷ. ತೋರಿಸುವ ಮೊದಲು ನಾನು ಮೇಷ್ಟರ ಹಾಗೆ ಸ್ಕಾರ್ಸೆಸಿ, ಮಿಚಮ್ ಎಂದು ಪೀಠಿಕೆ ಹಾಕತೊಡಗಿದೆ. ‘ಮಾಮಾ, ಪರೀಕ್ಷೆ ಇದೆಯೇ ಕೊನೆಗೆ?’ ಎಂದು ಕೇಳಿದಳು. ಬಾಯಿ ಮುಚ್ಚಿಕೊಂಡೆ. ಒಂಬತ್ತನೆಯ ರೇಕಿಗೆ ಅವಳು ಸೋಫಾದಿಂದ ಕೆಳಗೆ ಜಾರಿದ್ದಳು.

ಕೊನೆಯ ದೃಶ್ಯಕ್ಕೆ ಬರುತ್ತೇನೆ, ಈ ಕಂತಿನಲ್ಲಿ ನನಗೆ ಅತಿ ಪ್ರಿಯವಾದದ್ದು. ಅಜ್ಜನ ಉಪಕತೆಯೊಂದಿದೆ, ಅದನ್ನು ಬಿಟ್ಟರೆ ನಷ್ಟವೇನಿಲ್ಲ. ದೋಣಿಮನೆ ನೀರಿನಲ್ಲಿ ತೇಲುತ್ತಿದೆ, ಮನೆಯವರನ್ನೆಲ್ಲ ಕಟ್ಟಿಹಾಕಿದ್ದಾನೆ, ಬಾಬ್ ಕತ್ತಿ ಹಿಡಿದು ಬಾರ್ಟ್‌ನ ಮುಂದೆ ನಿಂತಿದ್ದಾನೆ. ಕೊನೆಯ ಆಸೆ ಏನು ಎಂದು ಕೇಳುತ್ತಾನೆ. ಸ್ಪ್ರಿಂಗ್‌ಫೀಲ್ಡ್ ಹದಿನೈದು ಮೈಲಿ ಎಂಬ ಫಲಕ ಬಾರ್ಟ್‌ನ ಕಣ್ಣಿಗೆ ಬೀಳುತ್ತದೆ. ಅವನು ಕೇಳುತ್ತಾನೆ: ನಿನ್ನ ಕಂಠ ಅಷ್ಟು ಚೆನ್ನಾಗಿದೆ, ‘ಎಚ್.ಎಂ.ಎಸ್. ಪಿನಾಫೋರ್’ ಪೂರ್ತಿ ಹಾಡುತ್ತೀಯಾ?

ಇದು ಗಿಲ್ಬರ್ಟ್ ಮತ್ತು ಸಲಿವನ್ ಎಂಬ ಜೋಡಿ 1878ರಲ್ಲಿ ಲಂಡನ್ನಿನ ರಂಗಕ್ಕೆ ತಂದ ಹಾಸ್ಯ ಒಪೆರಾ. ಬಾಬ್ ಹಾಡುತ್ತಾನೆ, ಕುಣಿಯುತ್ತಾನೆ, ನ್ಯಾಯವಾದ ಗಾಂಭೀರ್ಯದಿಂದ ವೇಷ ಬದಲಿಸುತ್ತಾನೆ. ‘ಅವನು ಇಂಗ್ಲಿಷರವನು’ ಎಂಬ ಕೊನೆಯ ಹಾಡಿಗೆ ಹಿಂದೆ ಬ್ರಿಟಿಷ್ ಬಾವುಟವೂ ಬಂದು ನಿಲ್ಲುತ್ತದೆ. ಹಾಡು ಮುಗಿಯುವಷ್ಟರಲ್ಲಿ ದೋಣಿ ಸ್ಪ್ರಿಂಗ್‌ಫೀಲ್ಡ್ ಮುಟ್ಟಿದೆ, ಪೊಲೀಸರು ನಿಂತಿದ್ದಾರೆ. ದೋಣಿ ತಗುಲಿಕೊಂಡದ್ದು ವೇಶ್ಯಾಗೃಹವೊಂದರ ಮುಂದೆ, ಪೊಲೀಸರು ಸ್ನಾನದ ಅಂಗಿಯಲ್ಲಿದ್ದಾರೆ ಎಂಬುದನ್ನು ಆ ಸಂಭ್ರಮದಲ್ಲಿ ಯಾರೂ ವಿಚಾರಿಸುವುದಿಲ್ಲ.

ಈ ಹಾಡು ಆಕಾಶದಿಂದ ಉದುರಿದ್ದಲ್ಲ. ಮೊದಲೇ, ಕಾರಿನಲ್ಲಿ ಹೋಗುವಾಗ ಕುಟುಂಬದವರು ಹಾಕಿಕೊಂಡು ದನಿಗೂಡಿಸಿದ ಧ್ವನಿಮುದ್ರಿಕೆ ಗಿಲ್ಬರ್ಟ್ ಮತ್ತು ಸಲಿವನ್‌ರದೇ. ಆಗ ಅದು ಬರೀ ಒಂದು ಚುಟುಕು ತಮಾಷೆ ಎಂದುಕೊಂಡಿರುತ್ತೇವೆ, ಬೀಜ ಬಿತ್ತಿದ್ದು ಕಾಣುವುದಿಲ್ಲ. ಇನ್ನು ‘ಪಿನಾಫೋರ್’ ತಾನೇ ಒಂದು ಅಣಕ. ಬ್ರಿಟಿಷ್ ನೌಕಾಪಡೆಯನ್ನೂ, ವರ್ಗಭೇದವನ್ನೂ, ಕಡಲ ಮೆಲೋಡ್ರಾಮಾಗಳನ್ನೂ ಗೇಲಿ ಮಾಡಲು ಬರೆದದ್ದು. 1877ರಲ್ಲಿ ಪುಸ್ತಕ ವ್ಯಾಪಾರದ ಮನೆತನದ ಡಬ್ಲ್ಯು.ಎಚ್. ಸ್ಮಿತ್‌ರನ್ನು, ಕಡಲಿನ ಅನುಭವವೇ ಇಲ್ಲದಿದ್ದರೂ, ನೌಕಾಪಡೆಯ ಮಂತ್ರಿ ಮಾಡಿದ್ದರು. ಅದರ ಮರುವರ್ಷವೇ ರಂಗದ ಮೇಲೆ ಅಂಥದೇ ಮಂತ್ರಿ ಬಂದು ಹಾಡಿದ. ಆ ಕೊನೆಯ ದೇಶಭಕ್ತಿಯ ಹಾಡೂ ಲೇವಡಿಯೇ, ಒಬ್ಬ ಮನುಷ್ಯ ಇಂಗ್ಲಿಷರವನಾಗಿ ಹುಟ್ಟಿದ್ದನ್ನು ಅವನ ಸಾಧನೆಯೆಂಬಂತೆ ಹೊಗಳುತ್ತದೆ. ಬಾಬ್ ಅದನ್ನು ಕಣ್ಣು ತೇವವಾಗುವಷ್ಟು ಶ್ರದ್ಧೆಯಿಂದ ಹಾಡುತ್ತಾನೆ, ಅವನೋ ಅಮೆರಿಕದವನು.

ಸ್ಕಾರ್ಸೆಸಿಯ ಸಿನಿಮಾದ ಕೊನೆಯಲ್ಲಿಯೂ ಖಳ ಹಾಡುತ್ತಾನೆ ಎಂಬುದನ್ನು ಆಮೇಲೆ ಗಮನಿಸಿದೆ. ಡಿ ನಿರೋ ನದಿಯಲ್ಲಿ ಮುಳುಗುತ್ತಾ, ಅರ್ಥವಾಗದ ನುಡಿಗಳಲ್ಲಿ ಬಡಬಡಿಸಿ, ಚರ್ಚಿನ ಕೀರ್ತನೆಯೊಂದನ್ನು ಹಾಡುತ್ತಾ ಹೋಗುತ್ತಾನೆ. ಕೀರ್ತನೆಯ ಜಾಗದಲ್ಲಿ ಹಾಸ್ಯ ಒಪೆರಾ ತಂದಿಟ್ಟದ್ದು ನನ್ನ ಲೆಕ್ಕದಲ್ಲಿ ಇಡೀ ಕಂತಿನ ಅತಿ ಸೂಕ್ಷ್ಮವಾದ ಅಣಕ.

ಇದನ್ನು ನೋಡುವಾಗಲೆಲ್ಲ ನನಗೆ ನೆನಪಾಗುವುದು ಹುಲಿಯ ಮುಂದೆ ನಿಂತ ಪುಣ್ಯಕೋಟಿ. ಅವಳು ಕೇಳಿದ್ದೂ ಸಮಯವನ್ನೇ. ಅವಳು ಸತ್ಯವಂತೆ, ಬಾರ್ಟ್ ಪಕ್ಕಾ ಕಿಲಾಡಿ, ಹೋಲಿಕೆ ಅಲ್ಲಿಲ್ಲ. ಹೋಲಿಕೆ ಇರುವುದು ಹುಲಿಯಲ್ಲಿ. ಆ ಹುಲಿಯನ್ನು ಕೊಂದದ್ದು ಅದರೊಳಗೆ ಎಚ್ಚರವಾದ ಒಳ್ಳೆಯತನ. ಬಾಬ್‌ನನ್ನು ಹಿಡಿದುಕೊಟ್ಟದ್ದು ಅವನ ರಸಿಕತನ. ಅರ್ಧಕ್ಕೆ ನಿಲ್ಲಿಸಿ ಕೆಲಸ ಮುಗಿಸಬಹುದಿತ್ತು, ಆದರೆ ಒಪೆರಾವನ್ನು ಅರ್ಧಕ್ಕೆ ಬಿಡುವುದು ಅವನ ಜಾಯಮಾನದಲ್ಲಿಲ್ಲ.

ಇನ್ನೊಂದೇ ಸಂಗತಿ. 2012ರಲ್ಲಿ ವಾಷಿಂಗ್ಟನ್ನಿನಲ್ಲಿ ಆನ್ ವಾಶ್‌ಬರ್ನ್ ಅವರ ‘ಮಿಸ್ಟರ್ ಬರ್ನ್ಸ್’ ಎಂಬ ನಾಟಕ ರಂಗಕ್ಕೆ ಬಂತು. ವಿದ್ಯುತ್ ಇಲ್ಲವಾದ ಮೇಲಿನ ನಾಟಕ ಎಂದು ಅದರ ಉಪಶೀರ್ಷಿಕೆ. ಅಣುಸ್ಥಾವರಗಳು ಸಿಡಿದು, ಕರೆಂಟು ಶಾಶ್ವತವಾಗಿ ಹೋಗಿದೆ. ಬದುಕುಳಿದ ಕೆಲವರು ರಾತ್ರಿ ಬೆಂಕಿಯ ಸುತ್ತ ಕುಳಿತು, ಹೆದರಿಕೆ ಮರೆಯಲು ಏನು ಮಾಡುತ್ತಾರೆ? ಈ ಕಂತನ್ನು, ಇದೇ ಕಂತನ್ನು, ನೆನಪಿನಿಂದ ಕಟ್ಟಿಕೊಳ್ಳುತ್ತಾರೆ. ಆ ಚಿತ್ರಮಂದಿರದಲ್ಲಿ ಏನಾಯಿತು, ಆ ಮಾತು ಹೇಗಿತ್ತು, ಇಲ್ಲ ಹಾಗಲ್ಲ ಹೀಗೆ. 2008ರಲ್ಲಿ ವಾಶ್‌ಬರ್ನ್ ನಟರನ್ನು ಕೂರಿಸಿಕೊಂಡು ಈ ಕಂತನ್ನು ನಿಜವಾಗಿಯೂ ನೆನಪಿನಿಂದ ಹೇಳಿಸಿದ್ದರು, ಮೊದಲ ಅಂಕದ ಮಾತುಗಳು ಹುಟ್ಟಿದ್ದು ಅದರಿಂದ. ಎರಡನೇ ಅಂಕ ಏಳು ವರ್ಷದ ನಂತರದ್ದು. ಈಗ ಅವರದೊಂದು ನಾಟಕ ಮಂಡಳಿ, ಊರೂರು ತಿರುಗಿ ಸಿಂಪ್ಸನ್ಸ್ ಕಂತುಗಳನ್ನು ಆಡುತ್ತಾರೆ. ಎದುರಾಳಿ ಮಂಡಳಿಗಳೂ ಇವೆ. ಜನರ ನೆನಪಿನಲ್ಲಿರುವ ಸಂಭಾಷಣೆಯ ಸಾಲುಗಳನ್ನು ಕೊಂಡು ತರುವ ವ್ಯವಹಾರ ನಡೆಯುತ್ತದೆ. ಮೂರನೆಯದು ಮತ್ತೆ 75 ವರ್ಷ ಕಳೆದ ಮೇಲೆ. ಈಗದು ಹಾಡಿನ, ಮುಖವಾಡದ, ಹೆಚ್ಚುಕಡಿಮೆ ಆರಾಧನೆಯ ರಂಗರೂಪ. ಬಾಬ್ ಮಾಯವಾಗಿದ್ದಾನೆ, ಅವನ ಜಾಗದಲ್ಲಿ ಅಣುಸ್ಥಾವರದ ಮಾಲೀಕ ಬರ್ನ್ಸ್ ರಾಕ್ಷಸನಾಗಿ ನಿಂತಿದ್ದಾನೆ. ಜಗತ್ತು ಹಾಳಾದದ್ದು ಸ್ಥಾವರಗಳಿಂದ ತಾನೇ?

ಡಿ ನಿರೋ, ಮಿಚಮ್, ಹರ್ಮನ್ ಯಾರೂ ಅಲ್ಲಿ ಯಾರಿಗೂ ಗೊತ್ತಿಲ್ಲ. ಅಣಕದ ಮೂಲವೆಲ್ಲ ಸುಟ್ಟುಹೋಗಿ ಅಣಕವೊಂದೇ ಉಳಿದಿದೆ, ಅದಕ್ಕೆ ಪುರಾಣದ ಮೈ ಬಂದಿದೆ. ನಮ್ಮ ಊರುಗಳ ಎಷ್ಟು ಕುಣಿತಗಳು, ಗಾದೆಗಳು, ಮಕ್ಕಳ ಆಟದ ಹಾಡುಗಳು ಹೀಗೆಯೇ, ಯಾರನ್ನು ಆಡಿಕೊಳ್ಳಲು ಹುಟ್ಟಿದವೋ ಅವರನ್ನು ಮರೆತು ಉಳಿದಿವೆಯೋ ಎಂದು ಆ ನಾಟಕದ ಬಗ್ಗೆ ಓದಿದಾಗ ಅನ್ನಿಸಿತ್ತು.

ಮಾತು ಮುಗಿದ ಮೇಲೆ ಎರಡು ಪ್ರಶ್ನೆಗಳು ಬಂದವು. ಹಿರಿಯರೊಬ್ಬರು, ಇಷ್ಟೆಲ್ಲ ವಿವರಿಸಿದ ಮೇಲೆ ನಗು ಉಳಿಯುತ್ತದೆಯೇ ಎಂದು ಕೇಳಿದರು. ಸೈಕಲ್ ಬಿಚ್ಚಿ ನೋಡಿದವನು ಸೈಕಲ್ ಹೊಡೆಯುವುದನ್ನು ಬಿಡುವುದಿಲ್ಲ, ಆದರೆ ಬಿಚ್ಚಿದ್ದನ್ನು ಮತ್ತೆ ಜೋಡಿಸಿಡಬೇಕು ಎಂದೆ. ಇನ್ನೊಬ್ಬರು, ಸಾಯಿ ಹಚ್ಚೆಯ ವಿಚಾರವನ್ನು ಬರಹದಲ್ಲಿ ಬಿಟ್ಟುಬಿಡುವುದು ಒಳ್ಳೆಯದಲ್ಲವೇ ಎಂದರು. ಬಿಟ್ಟಿಲ್ಲ.

ಆಮೇಲೆ ಹೊರಗೆ ಕಾಫಿ. ತಡವಾಗಿ ಬಂದ ಗೆಳೆಯನೊಬ್ಬನಿಗೆ ಕಾಲೇಜು ಹುಡುಗನೊಬ್ಬ ಕಂಬದ ಪಕ್ಕ ನಿಂತು ರೇಕಿನ ದೃಶ್ಯ ಹೇಳುತ್ತಿದ್ದ. ಅವನೂ ಆ ಕಂತನ್ನು ನೋಡಿದವನಲ್ಲ, ನನ್ನ ಬಾಯಲ್ಲಿ ಕೇಳಿದ್ದಷ್ಟೇ. ಕಾಫಿ ಲೋಟ ಚೆಲ್ಲದಂತೆ ಎತ್ತಿ ಹಿಡಿದು, ಹೆಜ್ಜೆ ಇಟ್ಟು, ಮುಖ ಹಿಂದಕ್ಕೆ ಎಸೆದು, ಗಂಟಲಲ್ಲಿ ಆ ದನಿಯನ್ನೂ ಮಾಡಿದ, ನಾನು ಮಾಡಿದ್ದಕ್ಕಿಂತ ಚೆನ್ನಾಗಿ. ಗೆಳೆಯ ನಗುತ್ತಾ ಎಷ್ಟು ಸಲ ಎಂದು ಕೇಳಿದ.

‘ಹನ್ನೆರಡು’ ಎಂದ ಹುಡುಗ.

ನಾನು ತಿದ್ದಲು ಹೋಗಲಿಲ್ಲ.